ಕಂಬದ ಕೆಳಗಿನ ಕಂಬ

ಗೋಡೆ ಒಡೆಯಿತು. ಗೂಳಿ ಸುತ್ತಿಗೆಯನ್ನು ಇನ್ನೊಮ್ಮೆ ಬೀಸಿದ. ತಲೆ ತೂರುವಷ್ಟು ತೂತಾಯಿತು. ಹೆಲ್ಮೆಟ್ಟಿನ ದೀಪವನ್ನು ಅದರೊಳಗೆ ಹಾಯಿಸಿದ.

"ಅಕ್ಕಾ!"

ಆಚೆ ಕಲ್ಲಿತ್ತು. ಕಲ್ಲಿನಾಚೆ ಮತ್ತೆ ಕಲ್ಲು.

"ಭಾವ, ಇಲ್ಲಿ ಯಾರೂ ಇಲ್ಲ."

"ಇರಲೇಬೇಕು." ನಕ್ಷೆಗಾರ ಪರದೆಯಿಂದ ಕಣ್ಣು ಕೀಳಲಿಲ್ಲ. "ರೋಬೋ ಆಮೆ ಅವಳ ಪಕ್ಕದಲ್ಲೇ ನಿಂತಿದೆ. ಈ ಗೋಡೆ ಆಚೆ, ಎರಡು ಮಾರು."

"ಎಲ್ಲಿ ನಿಂತಿದೆ? ನನ್ನ ತಲೆ ಮೇಲಾ?"

ತಲೆಯ ಮೇಲಿಂದ ಮೊದಲು ಮಣ್ಣು ಉದುರಿತು. ಆಮೇಲೆ ಚಾವಣಿಯೇ ಕಳಚಿತು.

ಗೂಳಿ ಹಿಂದಕ್ಕೆ ಹಾರಿದ. ಎಡಗೈ ಹಿಂದೆಯೇ ಉಳಿಯಿತು. ಮಂಚದಗಲದ ಬಂಡೆಯೊಂದು ಅದರ ಮೇಲೆ ಕೂತಿತು. ಅವನು ಕಿರುಚಲಿಲ್ಲ, ಎಳೆದ. ಕೈ ಬಂತು. ಎರಡು ಬೆರಳು ಚರ್ಮಕ್ಕೆ ಜೋತಾಡುತ್ತಿದ್ದವು. ಅದನ್ನೊಮ್ಮೆ ನೋಡಿಕೊಂಡು, ಬಲಗೈ ಮುಷ್ಟಿ ಬಿಗಿದು, ಅಕ್ಕನ ಗಂಡನ ದವಡೆಗೆ ಗುದ್ದಿದ.

"ನಿಮ್ಮ ನಕ್ಷೆಗೆ ಬೆಂಕಿ ಹಾಕ!"

ಹೊಡೆಯುವಾಗಲೂ ಭಾವನಿಗೆ ಬಹುವಚನ ಬಿಡುವವನಲ್ಲ ಗೂಳಿ. ನಕ್ಷೆಗಾರ ಒಂದು ಹಲ್ಲು ಉಗುಳಿದ.

ವಾಕಿಟಾಕಿ ಗೊರಗುಟ್ಟಿತು. ಮೇಲೆ, ಗಣಿಯ ಬಾಯಲ್ಲಿ, ಹಗ್ಗ ಹಿಡಿದು ತಂಡ ನಡೆಸುತ್ತಿದ್ದ ಹಗ್ಗದಮ್ಮ. "ಏನದು ಸದ್ದು? ಜೀವ ಇದೆಯೇನ್ರೋ? ಕೇಳಿ, ಪಂಪು ಕೈಕೊಡ್ತಿದೆ, ಕೆಳಗೆ ನೀರು ಏರ್ತಿದೆ. ಇನ್ನೊಂದ್ಸಲ ಚಾವಣಿ ಬಿದ್ರೆ ಇಬ್ಬರನ್ನೂ ಎಳ್ಕೊಂಡುಬಿಡ್ತೀನಿ. ನೀವು ಒಪ್ಪಿದ್ರೂ ಸರಿ, ಬಿಟ್ರೂ ಸರಿ."

ಹಳೆಯ ಗಣಿಯನ್ನು ಮುಚ್ಚಲು ಸಿಡಿಮದ್ದು ಇಡಲು ಇಳಿದವಳು ನಕ್ಷೆಗಾರನ ಹೆಂಡತಿ. ಮದ್ದು ಹೊತ್ತಿಗೆ ಮೊದಲೇ ಸಿಡಿದಿತ್ತು. ಬಿದ್ದ ಕಲ್ಲುಗಳ ಸಂದಿಯಲ್ಲಿ ಮನುಷ್ಯರು ನುಸುಳುವಂತಿರಲಿಲ್ಲ. ಹಾಗಾಗಿ ಚಕ್ರಪಟ್ಟಿಯ ಮೇಲೆ ತೆವಳುವ ರೋಬೋ ಆಮೆಯನ್ನು ಬಿಟ್ಟಿದ್ದರು. ಅದರ ಮೈಕಿನಲ್ಲಿ ಅವಳು ಕಲ್ಲಿಗೆ ಕಲ್ಲು ಕುಟ್ಟುವ ಸದ್ದು ಕೇಳುತ್ತಿತ್ತು.

ಆಮೆಗೆ ತಾನಿರುವ ಜಾಗ ತಿಳಿಯಲು ನಕ್ಷೆ ಬೇಕು. ಹೊರಡುವ ಮುಂಚೆ ನಕ್ಷೆಗಾರ ಚಪ್ಪಟೆ ನಕ್ಷೆಯನ್ನು ಆರಿಸಿಕೊಂಡಿದ್ದ. ಮೊಳಕಾಲೆತ್ತರದಲ್ಲಿ ಲೇಸರು ಒಂದು ಸುತ್ತು ತಿರುಗುತ್ತದೆ, ಸುರಂಗವನ್ನು ಚಾಕುವಿನಿಂದ ಕೊಯ್ದಂತೆ ಒಂದೇ ಗೆರೆ ಬರುತ್ತದೆ. ಬೇಗ ಆಗುತ್ತದೆ, ಬ್ಯಾಟರಿ ಉಳಿಯುತ್ತದೆ. ಮೂರು ಆಯಾಮದ ನಕ್ಷೆಗಾದರೆ ಆಮೆ ಹೆಜ್ಜೆಹೆಜ್ಜೆಗೂ ನಿಂತು ಕತ್ತು ಮೇಲೆ ಕೆಳಗೆ ಆಡಿಸಬೇಕು. ಬ್ಯಾಟರಿ ನೀರು ಕುಡಿದಂತೆ ಖಾಲಿ. "ಮೇಲೆ ಕೆಳಗೆ ನೋಡದೆ ಎಲ್ಲಿಗೋ ಹೋಗೋದು?" ಎಂದು ಹಗ್ಗದಮ್ಮ ಆಗಲೇ ಕೇಳಿದ್ದಳು. "ಗಣಿಯ ನೆಲ ಸಪಾಟು" ಎಂದಿದ್ದ ಅವನು. ಸಿಡಿತಕ್ಕೆ ಮುಂಚೆ ಅದು ನಿಜವಾಗಿತ್ತು.

ಗೂಳಿ ಅಂಗಿ ಹರಿದು ಕೈಗೆ ಸುತ್ತಿಕೊಳ್ಳುತ್ತಿದ್ದ. ನಕ್ಷೆಗಾರ ಮೈಕಿನ ದನಿ ಏರಿಸಿದ. ಟಕ್, ಟಕ್. ನಡುವೆ ಇನ್ನೇನೋ: ಚಕ್ರಪಟ್ಟಿಗೆ ನೀರು ಬಡಿಯುವ ಸದ್ದು.

ಅವನು ಬಗ್ಗಿ ನೆಲ ಮುಟ್ಟಿದ. ಒಣ ಧೂಳು.

"ಗೂಳಿ, ಅವಳು ಗೋಡೆ ಆಚೆ ಇಲ್ಲ. ಕೆಳಗಿದ್ದಾಳೆ. ನೇರ ಕೆಳಗೆ."

ಭಾರ ನೆಟ್ಟಗೆ ಇಳಿಯಲೆಂದು ಗಣಿಯವರು ಕಂಬದ ಕೆಳಗೇ ಕಂಬ ಬಿಟ್ಟು ಅಗೆಯುತ್ತಾರೆ. ಮೊಳಕಾಲೆತ್ತರದಲ್ಲಿ ಕೊಯ್ದರೆ ಮೇಲಂತಸ್ತು, ಕೆಳಂತಸ್ತು ಎರಡೂ ಒಂದೇ ಗೆರೆ. ಆಮೆ ಒಡೆದ ನೆಲದಿಂದ ಜಾರಿತ್ತು. ಜಾರಿದ್ದನ್ನು ಬರೆದುಕೊಳ್ಳಲು ಚಪ್ಪಟೆ ನಕ್ಷೆಯಲ್ಲಿ ಜಾಗವೇ ಇರಲಿಲ್ಲ.

"ದಾರಿ ಎಲ್ಲಿ?"

"ಆಮೆ ಕತ್ತೆತ್ತಿ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ಬ್ಯಾಟರಿ ಮುಗಿಯುತ್ತೆ. ಮುಗಿದ್ರೆ ಅವಳ ಸದ್ದೂ ನಿಲ್ಲುತ್ತೆ. ಬದುಕಿದ್ದಾಳೋ ಇಲ್ವೋ..."

ಗೂಳಿ ರಕ್ತದ ಕೈ ಎತ್ತಿ ತೋರಿಸಿದ. "ಮಿತವ್ಯಯ ಸಾಕು ಭಾವ. ಹಾಕಿ."

ಹಾಕಿದ. ಕತ್ತಲ ಪರದೆಯಲ್ಲಿ ಚುಕ್ಕೆಗಳು ಮಳೆಯಂತೆ ಬಿದ್ದವು, ಕೂಡಿಕೊಂಡವು, ಎದ್ದು ನಿಂತವು. ನೆಲಕ್ಕೆ ಇಳಿಜಾರು ಬಂತು, ಕಂಬಗಳಿಗೆ ಎತ್ತರ. ಇವರು ನಿಂತ ಜಾಗದ ಹಿಂದಿನ ಕಂಬದ ಬುಡದಲ್ಲೇ ಒಂದು ಬಿರುಕು ಕೆಳಗಿನವರೆಗೆ ಬಾಯಿ ಬಿಟ್ಟಿತ್ತು. ಕೊನೆಗೆ ಅವಳ ಭುಜ, ತಲೆ. ಕಾಲ ಮೇಲೆ ವಾರೆಯಾಗಿ ಕೂತ ಹಾಸುಗಲ್ಲು. ಅಷ್ಟರಲ್ಲಿ ಪರದೆ ಆರಿತು. ಸದ್ದೂ ನಿಂತಿತು.

ಬಿರುಕಿಗೆ ಅಡ್ಡವಾಗಿದ್ದ ತೊಲೆಯನ್ನು ಗೂಳಿ ಹಾರೆಯಿಂದ ಮೀಟಿ ಮುರಿದ. ಹಗ್ಗ ಸೊಂಟಕ್ಕೆ ಬಿಗಿದು ಇಬ್ಬರೂ ಇಳಿದರು. ಕೆಳಗಿನ ಲೋಕ ಬೇರೆಯೇ ಇತ್ತು: ದೀಪ ತಾಗಿದಲ್ಲೆಲ್ಲ ತಾಮ್ರದ ಹಸಿರು ಕಿಲುಬು ಹಿಡಿದ ಗೋಡೆ, ಎಣ್ಣೆಯಂತೆ ಕಪ್ಪಾಗಿ ಸದ್ದಿಲ್ಲದೆ ಏರುವ ನೀರು, ಅದರಿಂದ ಮೇಲೆದ್ದು ಸಾಲಾಗಿ ನಿಂತ ದಪ್ಪ ಕಂಬಗಳು. ಮೇಲಿನ ಬೆಟ್ಟವನ್ನೆಲ್ಲ ಹೊತ್ತು ಅವು ನರಳುತ್ತಿದ್ದವು. ನರಳಿಕೆ ಅಂಗಾಲಿಗೇ ತಿಳಿಯುತ್ತಿತ್ತು.

ಒಂದು ಕಂಬ ಸಿಡಿಯಿತು.

ಕೋವಿಯ ಸದ್ದು. ಚೂರುಗಳು ಗಾಳಿ ಸೀಳಿದವು. ಒಂದು ನಕ್ಷೆಗಾರನ ಹಣೆ ಕೊಯ್ದಿತು. ಇನ್ನೊಂದು ಗೂಳಿಯ ಹೆಲ್ಮೆಟ್ಟನ್ನು ಎರಡು ಹೋಳು ಮಾಡಿತು.

"ನಿಲ್ಲಬೇಡ! ನಡಿ!" ನಕ್ಷೆಗಾರ ಕೂಗಿದ.

ನೀರು ಅವಳ ಗಲ್ಲ ಮುಟ್ಟಿತ್ತು. ಗಂಡನ ದೀಪಕ್ಕೆ ಕಣ್ಣು ಕಿರಿದು ಮಾಡಿದಳು.

"ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ರೀ?"

"ಮೇಲಿನ ಅಂತಸ್ತಲ್ಲಿ."

"ಕುಟ್ಟೋದು ಕೇಳ್ತಿತ್ತು. ನಮ್ಮನೆ ಮೇಲಿನವ್ರು ಇಲ್ಲಿಗೂ ಬಂದ್ರಾ ಅಂದ್ಕೊಂಡೆ." ತಮ್ಮನನ್ನು ನೋಡಿದಳು. "ಕೈಗೇನಾಯ್ತೋ?"

"ಆಮೇಲೆ ಹೇಳ್ತೀನಿ. ಸುಮ್ನಿರು."

ಗೂಳಿ ಹಾರೆ ತೂರಿ, ಒಂದೂವರೆ ಕೈಯಲ್ಲಿ ಎದೆಯೊತ್ತಿ ಮೀಟಿದ. ಹಾಸುಗಲ್ಲು ಗೇಣೆತ್ತರ ಎದ್ದಿತು. ನಿಲ್ಲಲಿಲ್ಲ, ನಡುಗಿತು. ಅದರ ಕೆಳಗೆ ಆನಿಸಲು ಏನೂ ಇರಲಿಲ್ಲ. ನಕ್ಷೆಗಾರ ಸತ್ತ ಆಮೆಯನ್ನು ಒದ್ದು ಸಂದಿಗೆ ತುರುಕಿದ. ಉಕ್ಕಿನ ಚಿಪ್ಪು ಕಟಕಟ ಎಂದಿತು.

"ಎಳೀರಿ!" ಎಂದಳು ಅವಳು. "ಮೂಳೆ ವಿಚಾರ ಆಮೇಲೆ!"

ಎಳೆದ. ಮೂಳೆ ಮುರಿದ ಸದ್ದು ಮೂವರಿಗೂ ಕೇಳಿಸಿತು. ಅವಳ ಕೂಗು ಕಂಬದಿಂದ ಕಂಬಕ್ಕೆ ಬಡಿಯಿತು. ಹೊರಬಂದ ಮರುಕ್ಷಣ ಚಿಪ್ಪು ಅಪ್ಪಚ್ಚಿಯಾಯಿತು. ಕಲ್ಲು ನೀರಿಗೆ ಅಪ್ಪಳಿಸಿತು.

"ಹಗ್ಗದಮ್ಮಾ, ಎಳೀರಿ! ಮೂರು ಜನ!" ನಕ್ಷೆಗಾರ ವಾಕಿಟಾಕಿಗೆ ಕೂಗಿದ.

"ಮೂರಾ? ಅಯ್ಯೋ ನನ್ನ ಬಂಗಾರಗಳಾ!"

ಬೆನ್ನ ಹಿಂದೆ ಕಂಬಗಳು ಒಂದಾದಮೇಲೊಂದು ಸಿಡಿದವು. ಇಳಿಜಾರು ಮಗುಚುತ್ತಿತ್ತು. ಬಿರುಕಿನ ಅಂಚಿಗೆ ಉಜ್ಜಿ, ಕಲ್ಲಿಗೆ ಬಡಿದು, ಮೂಟೆಗಳಂತೆ ಅವರು ಮೇಲೇರಿದರು.

ಹೊರಗೆ ಬಿಸಿಲಿತ್ತು. ಹಗ್ಗದಮ್ಮನ ಅಂಗೈ ಸುಲಿದಿತ್ತು, ಅವಳು ಅದನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಎಲ್ಲರನ್ನೂ ಬೈಯುತ್ತಿದ್ದಳು. ಅಕ್ಕ ಸ್ಟ್ರೆಚರಿನ ಮೇಲೆ, ಕಾಲಿಗೆ ದಬ್ಬೆ. ಗೂಳಿಯ ಎಡಗೈಯಲ್ಲಿ ಈಗ ಮೂರು ಬೆರಳು.

ಅವನು ಬಂದು ಭಾವನ ಮುಂದೆ ಮಂಡಿಯೂರಿದ. ಕೆನ್ನೆ ಮುಂದೆ ಚಾಚಿದ.

"ಒಂದು ಹೊಡೀರಿ ಭಾವ. ಜೋರಾಗಿ. ಇಲ್ದಿದ್ರೆ ನಿಮ್ಮ ಮುಖ ನೋಡೋಕಾಗಲ್ಲ ನಂಗೆ."

"ಹೊಡೀರಿ ರೀ," ಎಂದಳು ಸ್ಟ್ರೆಚರಿನಿಂದ ಅವಳು. "ಚಿಕ್ಕಂದಿನಿಂದ ನಂದೂ ಕೆಲವು ಬಾಕಿ ಇವೆ. ಸೇರಿಸಿ ಕೊಡಿ."

ನಕ್ಷೆಗಾರ ಹಲ್ಲು ಹೋದ ಜಾಗವನ್ನು ನಾಲಿಗೆಯಿಂದ ಮುಟ್ಟಿಕೊಂಡ. ಬ್ಯಾಂಡೇಜು ಸುತ್ತಿದ ಆ ಕೈಯನ್ನು ನೋಡಿದ.

"ಹೊಡೆಯಲ್ಲ," ಎಂದ.