ಶಂಕ್ರವ್ವನ ಪಾಸ್‌ವರ್ಡ್

ನಾನು ಬಸವೇಶ್ವರನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಅಧ್ಯಾಪಕ. ಪರೀಕ್ಷೆಯಲ್ಲಿ ನಕಲು ಮಾಡುವುದು ಕಳ್ಳತನವೆಂದೇ ನಂಬಿದವನು. ಆದ್ದರಿಂದ ಆನ್‌ಲೈನ್ ಪರೀಕ್ಷೆಗಾಗಿ, ಯಾರೂ ಮುಟ್ಟದ ಆಪರೇಟಿಂಗ್ ಸಿಸ್ಟಂನ ಡಿಸ್ಕ್ ಇಮೇಜೊಂದನ್ನು, ಎಂದರೆ ಇಡೀ ಕಂಪ್ಯೂಟರಿನ ಪಡಿಯಚ್ಚನ್ನು, ನಾನೇ ಕ್ಲೌಡ್‌ಗೆ ಏರಿಸಿದೆ. ಪಾಸ್‌ವರ್ಡ್ ನನ್ನೊಬ್ಬನಲ್ಲೇ ಇರಬೇಕೆಂಬುದು ನನ್ನ ಹಟವಾಗಿತ್ತು.

ಮಟಮಟ ಮಧ್ಯಾಹ್ನ, ಕಾಲೇಜಿನ ಲ್ಯಾಬಿನಲ್ಲಿ ಕೂತಿದ್ದಾಗ, ಆ ಇಮೇಜಿನಿಂದ ಕ್ಲೌಡ್‌ನಲ್ಲೇ ರೂಪುಗೊಂಡ ಹೊಸ ಯಂತ್ರವು ನನ್ನ ಪರದೆಯ ಮೇಲೆ ಬಳಕೆದಾರರ ಹೆಸರು ಕೇಳಿತು. ನಾನು ಕೀಬೋರ್ಡಿಗೆ ಕೈಯಿಡುವ ಮೊದಲೇ ಒಂದೊಂದೇ ಅಕ್ಷರ ಮೂಡಿ, ‘ಶಂಕ್ರವ್ವ’ ಎಂದಾಯಿತು. ಪ್ರತಿ ಅಕ್ಷರಕ್ಕೂ ಹಿಂದಿನ ಖಾಲಿ ಬೆಂಚಿನಿಂದ ಕೀ ಒತ್ತಿದ ಸದ್ದು ಕೇಳಿತು.

“ಕವನಾ, ಇದೇನು ಹುಡುಗಾಟ?”

“ಅಯ್ಯೋ ಸಾರ್, ಚಿತ್ರಾನ್ನ ತಿಂತಾ ಇದೀನಿ, ಕೈ ನೋಡಿ! ಎಂಜಲು ಕೈಲಿ ಮೌಸ್ ಮುಟ್ಟಿದ್ರೆ ನೀವು ಬಿಡ್ತೀರಾ?” ಎಂದರು ನನ್ನ ಸಹೋದ್ಯೋಗಿ.

ಆ ಹೆಸರಿನವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಯಂತ್ರವನ್ನೂ ಇಮೇಜನ್ನೂ ಅಳಿಸಿ, ಹೊಸ ಪ್ರತಿಯನ್ನು ಇಳಿಸಿಕೊಂಡು ಮತ್ತೆ ಏರಿಸಿದೆ. ಫ್ಯಾನ್ ನಿಂತಿದ್ದರೂ ಕುತ್ತಿಗೆಗೆ ತಣ್ಣನೆಯ ಗಾಳಿ ತಾಗುತ್ತಿತ್ತು.

ಈ ಬಾರಿ ಯಂತ್ರ ಹೆಸರನ್ನು ಕೇಳಲಿಲ್ಲ. ಶಂಕ್ರವ್ವನ ಪಾಸ್‌ವರ್ಡ್ ಮಾತ್ರ ಕೇಳಿತು.

ಪರೀಕ್ಷೆಯನ್ನು ಅಂದೇ ರದ್ದುಪಡಿಸಿದೆ. ಆ ಯಂತ್ರವನ್ನು ಆಫ್ ಮಾಡಿ ತಿಂಗಳುಗಳಾದವು. ಒಳಗೆ ಒಬ್ಬರು ಕೆಲಸ ಮಾಡುತ್ತಿದ್ದಾರೆಂದು ಕ್ಲೌಡ್‌ನ ಪರದೆ ಇಂದಿಗೂ ತೋರಿಸುತ್ತದೆ.