ರೊಟ್ಟಿಯಗಲದ ಗಾಲಿ, ಬೆರಳುದ್ದದ ತೋಳು

ಬಹಳ ಹಿಂದೆ, ಹುಲಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಗಾಲಿದುರ್ಗ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಕುದುರೆಯಿಲ್ಲ, ಬಂಡಿಯಿಲ್ಲ. ಜನರೆಲ್ಲ ಒಂಟಿಗಾಲಿಯ ಮೇಲೆ ಕೂತು, ಅದರ ಎರಡು ಬದಿಯ ಮರದ ಮೆಟ್ಟುಗಳನ್ನು ಕಾಲಿನಿಂದ ತುಳಿದು ತಿರುಗಿಸುತ್ತ ಓಡಾಡುತ್ತಿದ್ದರು. ಎಷ್ಟು ದೊಡ್ಡ ಗಾಲಿಯೋ ಅಷ್ಟು ದೊಡ್ಡ ಮನುಷ್ಯ. ದೊರೆಯ ಗಾಲಿ ಆಳೆತ್ತರ, ಮಂತ್ರಿಯದು ಎದೆಯೆತ್ತರ. ಆ ಗಾಲಿಗಳನ್ನೆಲ್ಲ ಮಾಡಿಕೊಡುತ್ತಿದ್ದ ಬಡಗಿಗಳಿಗೆ ಮಾತ್ರ ಜೋಳದ ರೊಟ್ಟಿಯಗಲದ ಗಾಲಿ. ಅದೇಕೆ ಎಂದು ಯಾರೂ ಕೇಳುತ್ತಿರಲಿಲ್ಲ, ಪದ್ಧತಿ ಎಂದರೆ ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು. ಯಾರಾದರೂ ಗಾಲಿಯಿಂದ ಬಿದ್ದರೆ ಊರೆಲ್ಲ ನಿಂತು ನಗುತ್ತಿತ್ತು.

ಸಣ್ಣ ಗಾಲಿಯ ಪಾಡು ಏನೆಂದು ಹೇಳಲಿ! ದೊರೆ ಎರಡು ಸುತ್ತು ತುಳಿದು ಬೀದಿ ದಾಟಿದರೆ ಬಡಗಿ ಇಪ್ಪತ್ತು ಸುತ್ತು ತುಳಿಯಬೇಕು. ಕಡಲೆಕಾಳಿನಷ್ಟು ಕಲ್ಲು ಸಿಕ್ಕರೂ ಗಾಲಿ ಮುಗ್ಗರಿಸುತ್ತದೆ. ಗಾಲಿಯ ನಡುವಿನಿಂದ ಮೆಟ್ಟಿಗೆ ಹೋಗುವ ಮರದ ತುಂಡನ್ನು ಅಲ್ಲಿಯವರು ತೋಳು ಎನ್ನುತ್ತಿದ್ದರು. ರೊಟ್ಟಿಗಾಲಿಗೆ ಆ ತೋಳು ಬರೀ ಬೆರಳುದ್ದ. ತೋಳು ಗಿಡ್ಡವಾದಷ್ಟೂ ತುಳಿಯಲು ಬಲ ಹೆಚ್ಚು ಬೇಕು, ಮೊಣಕಾಲು ನೋಯುತ್ತದೆ.

ಬಡಗಿ ಕೇರಿಯಲ್ಲಿ ಮಾಳವ್ವೆ ಎಂಬ ಹೆಣ್ಣುಮಗಳಿದ್ದಳು. ಅಪ್ಪ ತೀರಿಕೊಂಡ ಮೇಲೆ ಉಳಿ, ಬಾಚಿ ಅವಳ ಕೈಗೆ ಬಂದಿದ್ದವು. ಜೊತೆಗೆ ತಮ್ಮ ಸೋವಣ್ಣನೂ ಅವಳ ಪಾಲಿಗೆ ಬಂದಿದ್ದ.

ಹೀಗಿರಲು ದುರ್ಗದ ಮೇಲಿನ ಬೆಟ್ಟದಲ್ಲಿ ಜಡಕೇತು ಎಂಬ ಮಾಂತ್ರಿಕ ಬಂದು ನೆಲೆಸಿದ. ಅವನು ಒಂದು ಬೂದುಬಣ್ಣದ ಹಾದಿಯನ್ನು ಹಾಸಿದ. ಆ ಹಾದಿ ದಿನಕ್ಕೊಂದು ಗೇಣು ಬೆಳೆಯುತ್ತ ಊರಿನ ಕಡೆಗೆ ಇಳಿಯತೊಡಗಿತು. ಅದರ ಮೇಲೆ ನಿಂತದ್ದೆಲ್ಲ ಕಲ್ಲು. ಕೋಳಿ ನಿಂತರೆ ಕಲ್ಲುಕೋಳಿ, ಕರು ನಿಂತರೆ ಕಲ್ಲುಕರು. ನಡೆದು ಹೋಗೋಣವೆಂದರೆ ಪಾದ ಹೆಜ್ಜೆಗೊಮ್ಮೆ ನಿಲ್ಲುತ್ತದೆ. ನಿಲ್ಲದೆ ಹೋಗುವುದು ಗಾಲಿಯೊಂದೇ. ಮಾಂತ್ರಿಕನನ್ನು ತಡೆಯಲು ದೊರೆ ತನ್ನ ಆರು ಜನ ವೀರರನ್ನು ದೊಡ್ಡ ಗಾಲಿಗಳ ಮೇಲೆ ಕಳಿಸಿದ. ಒಬ್ಬನೂ ವಾಪಸು ಬರಲಿಲ್ಲ.

"ನಾನು ಹೋಗ್ತೀನಿ ಅಕ್ಕಾ," ಎಂದ ಸೋವಣ್ಣ. "ಆದ್ರೆ ಈ ಗಿಡ್ಡ ತೋಳು ಮೊಣಕಾಲು ತಿಂದುಹಾಕುತ್ತೆ. ಇನ್ನೆರಡು ಬೆರಳಗಲ ಉದ್ದ ಮಾಡಿಕೊಡೇ."

'ಸಣ್ಣ ಗಾಲಿಗೆ ಗಿಡ್ಡ ತೋಳು' ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಯಾಕೆಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ತಮ್ಮನ ಊದಿದ ಮೊಣಕಾಲು ನೋಡಿದ ಮಾಳವ್ವೆ ಬಾಚಿ ಎತ್ತಿಕೊಂಡಳು. ಉದ್ದ ತೋಳು ಕೆತ್ತಿ ಜೋಡಿಸಿಕೊಟ್ಟಳು. ಸೋವಣ್ಣ ನಗುತ್ತ ಹೋದ. ಅವನೂ ಬರಲಿಲ್ಲ.

ಒಂಬತ್ತು ದಿನ ಕಾದು, ಹತ್ತನೆಯ ದಿನ ಮಾಳವ್ವೆ ತನ್ನ ಗಾಲಿಗೆ ಎಣ್ಣೆ ಹಚ್ಚಿದಳು. ತೋಳನ್ನು ಮುಟ್ಟಲಿಲ್ಲ, ಬೆರಳುದ್ದವೇ ಇರಲಿ ಎಂದು ಬಿಟ್ಟಳು. ಸೀರೆಯನ್ನು ಕಚ್ಚೆ ಕಟ್ಟಿ ಬೂದುಹಾದಿ ಹತ್ತಿದಳು.

ಮೊದಲು ಎದುರಾದದ್ದು ಜಡಕೇತುವಿನ ಮಾಯದ ಹುಲಿ, ಆ ಹಾದಿಯಲ್ಲಿ ನಿಂತರೂ ಅದು ಕಲ್ಲಾಗುತ್ತಿರಲಿಲ್ಲ. ಅದರ ಸುತ್ತ ಆರು ಜನ ವೀರರು ಗಾಲಿಸಮೇತ ಕಲ್ಲಾಗಿ ಬಿದ್ದಿದ್ದರು. ವೇಗವಾಗಿ ಹೋಗುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗಿ ಕೆಡವುವುದು ಆ ಹುಲಿಯ ಸ್ವಭಾವ. ಮಾಳವ್ವೆಯ ಕಾಲುಗಳು ಗಿರಗಿರ ತಿರುಗುತ್ತಿರುವುದನ್ನು ಕಂಡು ಅದು ನೆಗೆಯಲು ಸಜ್ಜಾಯಿತು. ಆಮೇಲೆ ಗಾಲಿಯನ್ನು ನೋಡಿತು. ಗಾಲಿ ಆಮೆಯಂತೆ ಬರುತ್ತಿತ್ತು. ಹುಲಿ ಕಾಲು ನೋಡಿತು, ಗಾಲಿ ನೋಡಿತು, ಮತ್ತೆ ಕಾಲು ನೋಡಿತು.

"ಇಷ್ಟು ತುಳಿದು ಇಷ್ಟೇ ದೂರವೇನೇ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲ!"

"ಹೌದು ಹುಲಿಯಪ್ಪ, ನಮ್ಮದು ಇಷ್ಟೇ," ಎಂದಳು ಮಾಳವ್ವೆ, ತುಳಿಯುತ್ತಲೇ.

"ನಿನ್ನನ್ನು ಅಟ್ಟಿಸಿಕೊಂಡು ಬಂದರೆ ನನಗೇ ಅವಮಾನ. ಹೋಗು," ಎಂದು ಹುಲಿ ಆಕಳಿಸಿ ಮಲಗಿತು.

ಎರಡನೆಯದು ವಾರೆಹಾದಿ. ಬೆಟ್ಟದ ಪಕ್ಕೆಯಲ್ಲಿ ಹಾದಿ ಮನೆಯ ಮಾಡಿನಂತೆ ಒಂದು ಕಡೆಗೆ ಇಳಿಜಾರಾಗಿತ್ತು. ಅದರ ನಡುವೆ ಸೋವಣ್ಣ ಕಲ್ಲಾಗಿ ಬಿದ್ದಿದ್ದ. ಒಂದು ಕೈ ನೆಲಕ್ಕೂರಿತ್ತು, ಬಾಯಿ ಕರೆಯುವಂತೆ ತೆರೆದಿತ್ತು. ಅವನ ಹಿಂದೆ ಹಾದಿಯ ಎತ್ತರದ ಬದಿಯ ಬಂಡೆಯ ಮೇಲೆ ಮೂರು ಗೀರುಗಳು. ಮಾಳವ್ವೆ ಬಡಗಿಯ ಮಗಳು, ನೋಡಿದ ಕೂಡಲೇ ತಿಳಿಯಿತು. ವಾರೆ ನೆಲದಲ್ಲಿ ಉದ್ದ ತೋಳಿನ ಮೆಟ್ಟು ಕೆಳಗೆ ಬಂದಾಗ ಬಂಡೆಗೆ ತಾಗಿದೆ. ಒಂದು ಸಲ, ಎರಡು ಸಲ, ಮೂರನೆಯ ಸಲ ಕೆಡವಿದೆ. ಅಪ್ಪನ ಮಾತಿನ ಅರ್ಥ ಆಗ ಅವಳಿಗಾಯಿತು. ತಮ್ಮನನ್ನು ಕೆಡವಿದ್ದು ಮಾಂತ್ರಿಕನಲ್ಲ, ಅಕ್ಕನ ಕೈಗೆಲಸ. ಅವಳಿಗೆ ಅಳು ಬಂತು. ಇಳಿದು ಅವನ ತಲೆ ಸವರಬೇಕೆನಿಸಿತು. ಇಳಿದರೆ ಕಲ್ಲು. ಅಳುತ್ತಲೇ ತುಳಿದಳು. ಅವಳ ಮೆಟ್ಟಿಗೂ ಬಂಡೆಗೂ ನಡುವೆ ಒಂದು ಅಕ್ಕಿಕಾಳಿನ ಸಂದು ಮಾತ್ರ ಉಳಿಯುತ್ತಿತ್ತು. ಅಷ್ಟು ಸಾಕಾಯಿತು.

ಮೂರನೆಯದು ಜಡಕೇತುವಿನ ಅಂಗಳ. ಅವನು ನಡುವೆ ಕಲ್ಲುಪೀಠದ ಮೇಲೆ ಕೂತಿದ್ದ. ಬಿಳಿ ಗಡ್ಡ, ತೆಳ್ಳನೆಯ ಕಾಲುಗಳು. ಮಾಳವ್ವೆ ಮುಂದೆ ಹೋದರೆ ಅಂಗಳ ಅಷ್ಟೇ ಹಿಂದೆ ಸರಿಯಿತು. ಮತ್ತೆ ಹೋದಳು, ಮತ್ತೆ ಸರಿಯಿತು.

"ಈ ಅಂಗಳ ದಾಟಿದವರಿಲ್ಲ," ಎಂದ ಜಡಕೇತು. "ಮುಂದೆ ಬಂದರೆ ತಲುಪುವುದಿಲ್ಲ, ಹಿಂದೆ ಹೋದರೆ ಬಂದದ್ದು ದಂಡ. ನಿಂತುಬಿಡು ತಾಯಿ. ನಿಂತರೆ ಸುಖ. ನೋವಿಲ್ಲ, ಬೀಳುವ ಭಯವಿಲ್ಲ."

ಮಾಳವ್ವೆಗೆ ನಿಜಕ್ಕೂ ದಣಿವಾಗಿತ್ತು. ಮೊಣಕಾಲು ಬೆಂಕಿಯಾಗಿತ್ತು. ಕಲ್ಲಾದರೆ ಆ ಮೂರು ಗೀರುಗಳ ನೆನಪೂ ಇರುವುದಿಲ್ಲ ಎಂದು ಒಂದು ಗಳಿಗೆ ಆಸೆಯಾಯಿತು. ಆದರೆ ಕಲ್ಲಾದ ಅಕ್ಕ ತಮ್ಮನ ಹತ್ತಿರ ತಪ್ಪು ಒಪ್ಪಿಕೊಳ್ಳುವುದು ಹೇಗೆ? ಅವಳು ಮುಂದೆ ಹೋಗಲಿಲ್ಲ, ನಿಲ್ಲಲೂ ಇಲ್ಲ. ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ ತುಳಿದಳು. ಬಡಗಿ ಕೇರಿಯ ಹೆಂಗಸರು ಬಾವಿಕಟ್ಟೆಯಲ್ಲಿ ಸರದಿ ಕಾಯುವಾಗ ತುಳಿಯುವುದೇ ಹಾಗೆ. ಗಾಲಿ ಹಿಂತಿರುಗುವ ಪ್ರತಿ ಸಲ ಅಂಗಾಲಿಗೆ ಕಲ್ಲಿನ ತಣುಪು ಏರುತ್ತಿತ್ತು. ಅದು ನೆಲೆಯೂರುವಷ್ಟರಲ್ಲಿ ಗಿಡ್ಡ ತೋಳು ಮತ್ತೆ ತಿರುಗಿಬಿಟ್ಟಿರುತ್ತಿತ್ತು.

ಅಂಗಳಕ್ಕೆ ದಿಕ್ಕು ತೋಚಲಿಲ್ಲ. ಅವಳು ಮುಂದೆ ಬಂದಾಗ ಹಿಂದೆ ಸರಿಯಿತು, ಹಿಂದೆ ಹೋದಾಗ ಮುಂದೆ ಬಂತು. ಹಿಂದೆ, ಮುಂದೆ. ಹಿಂದೆ, ಮುಂದೆ. ಸಾವಿರ ಸಲವಾದ ಮೇಲೆ ಅದಕ್ಕೆ ತಲೆಸುತ್ತು ಬಂದು ಗಕ್ಕನೆ ನಿಂತಿತು. ಆ ನೆಲದ ಮೇಲೆ ನಿಂತದ್ದೆಲ್ಲ ಕಲ್ಲಾಗಬೇಕಲ್ಲವೆ? ಮಾಯೆಯೂ ನಿಂತಿತು, ಮಾಯೆಯೂ ಕಲ್ಲಾಯಿತು. ಬರೀ ಕಲ್ಲು, ಕಾಳು ಒಣಗಿಸಬಹುದಾದಂಥ ಕಲ್ಲು.

ಅಂಗಳ ನಿಂತ ರಭಸಕ್ಕೆ ಜಡಕೇತು ಪೀಠದಿಂದ ಉರುಳಿಬಿದ್ದ. ಬಿದ್ದವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ನಗು," ಎಂದ. "ನಲವತ್ತು ವರ್ಷದ ಹಿಂದೆ ನಿಮ್ಮ ಊರಬಾಗಿಲಲ್ಲಿ ದೊಡ್ಡ ಗಾಲಿಯಿಂದ ಬಿದ್ದೆ. ಊರೆಲ್ಲ ನಕ್ಕಿತು. ಆವತ್ತೇ ಎಲ್ಲ ನಿಂತುಹೋಗಲಿ ಅಂದುಕೊಂಡೆ. ನೀನೂ ನಗು."

ಮಾಳವ್ವೆ ಗಾಲಿಯಿಂದಿಳಿದು ಕೈ ಚಾಚಿದಳು. "ಬಿದ್ದಿದ್ದಷ್ಟೇ ಅಲ್ವಾ ಅಜ್ಜ? ಏಳು. ನನಗೆ ಕೆಳಗೆ ತಮ್ಮನ ಹತ್ತಿರ ಕೆಲಸ ಇದೆ."

ಮಾಯೆ ಕಳೆದು ಮತ್ತೆ ಜೀವ ಬಂದ ಸೋವಣ್ಣ ವಾರೆಹಾದಿಯಲ್ಲಿ ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದ. ಮಾಳವ್ವೆ ಅವನನ್ನು ತಬ್ಬಿಕೊಂಡು, "ತಪ್ಪು ನಂದು ಕಣೋ. ಅಪ್ಪನ ಮಾತು ಮೀರಿ ತೋಳು ಉದ್ದ ಮಾಡಿದೆ," ಎಂದು ಬಿಕ್ಕಿದಳು.

"ಕೇಳಿದ್ದು ನಾನಲ್ವಾ," ಎಂದ ಸೋವಣ್ಣ. ಆಮೇಲೆ ತನ್ನ ಗಾಲಿಯನ್ನೂ ಗೀರುಗಳನ್ನೂ ನೋಡಿ, "ಬಿದ್ದ ರೀತಿ ಮಾತ್ರ ಚೆನ್ನಾಗಿತ್ತಕ್ಕ. ಮೀಸೆ ಮಣ್ಣಾಗಲಿಲ್ಲ," ಎಂದು ನಕ್ಕ. ಅವನಿಗಿನ್ನೂ ಮೀಸೆಯೇ ಸರಿಯಾಗಿ ಬಂದಿರಲಿಲ್ಲ. ಅವಳೂ ನಕ್ಕಳು.

ವೀರರು ಎದ್ದರು, ಕೋಳಿ ಕೂಗಿತು, ಕರು ತಾಯಿಯ ಹತ್ತಿರ ಓಡಿತು. ದೊರೆ, "ಏನು ಬೇಕು ಕೇಳು, ಎದೆಯೆತ್ತರದ ಗಾಲಿ ಕೊಡಲೇ?" ಎಂದ. ಮಾಳವ್ವೆ ಬೇಡವೆಂದಳು. ಬಿದ್ದವರು ತಾವೇ ಮೊದಲು ನಗುವವರೆಗೆ ಊರಲ್ಲಿ ಯಾರೂ ನಗಬಾರದು, ಅದೊಂದು ಪದ್ಧತಿ ಆಗಲಿ ಎಂದಳು. ದೊರೆ ಒಪ್ಪಿದ.

ಜಡಕೇತು ಬಡಗಿ ಕೇರಿಯಲ್ಲೇ ಉಳಿದು ರೊಟ್ಟಿಗಾಲಿ ಕಲಿಯಲು ಕೂತ. ದಿನಕ್ಕೆ ಹತ್ತು ಸಲ ಬೀಳುತ್ತಿದ್ದ. ಪ್ರತಿ ಸಲವೂ ಬೀದಿ ಉಸಿರು ಬಿಗಿಹಿಡಿದು, ಬೇರೆ ಕಡೆ ನೋಡಿ, ಅವನು ಏಳುವುದನ್ನು ಕಾಯುತ್ತಿತ್ತು. ಒಂದು ವರ್ಷ ಅವನು ನಗಲೇ ಇಲ್ಲ. ಕೊನೆಗೊಂದು ಬೆಳಿಗ್ಗೆ ಎಮ್ಮೆಯ ಸಗಣಿಯ ಮೇಲೆ ದೊಪ್ಪನೆ ಬಿದ್ದು, ಗಡ್ಡ ಮುಟ್ಟಿ ನೋಡಿಕೊಂಡು, ಮುದುಕ ಮೊದಲು ಕಿಸಕ್ಕೆಂದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ವರ್ಷದಿಂದ ಕಾದಿದ್ದ ಗಾಲಿದುರ್ಗ ಆವತ್ತು ಅವನ ಜೊತೆ ಸಂಜೆಯವರೆಗೂ ನಕ್ಕಿತು.