ಕವಲುದಾರಿಯ ಕುಂಕುಮ

ಆಗಸ್ಟ್ 28, ಗುರುವಾರ. ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ಲಂಡನ್ನಿನ ಹೇಸ್ ಕಡೆಯ ಪೊಲೀಸ್ ಠಾಣೆಗೆ ತಾಯಿ ಮಗಳಿಬ್ಬರು ಬಂದು ದೂರು ಕೊಟ್ಟರು. ತಾಯಿ ಚಂದ್ರಿಕಾ, ಐವತ್ತೆಂಟು ವರ್ಷ. ಮಗಳು ತನ್ಮಯಿ, ಇಪ್ಪತ್ತನಾಲ್ಕು. ಕಳುವಾದದ್ದು ಒಂದು ಹಳೆಯ ಮೊಬೈಲ್ ಫೋನು. ಅದು ಚಂದ್ರಿಕಾ ಅವರ ಗಂಡ ಡಾಕ್ಟರ್ ಮುಕುಂದ ಅವರದು. ಅವರು ತೀರಿಕೊಂಡು ತಿಂಗಳಾಗಿತ್ತು. ಅಂದು ಮನೆಯಲ್ಲಿ ಅವರ ಮೊದಲ ಮಾಸಿಕ ನಡೆದಿತ್ತು.

ಲಂಡನ್ನಿನಲ್ಲಿ ದಿನಕ್ಕೆ ಎಷ್ಟೋ ಫೋನುಗಳು ಕಳುವಾಗುತ್ತವೆ. ಅದಕ್ಕಾಗಿ ಇನ್‌ಸ್ಪೆಕ್ಟರೊಬ್ಬರು ಕುರ್ಚಿ ಬಿಟ್ಟು ಏಳುವುದಿಲ್ಲ. ಆದರೆ ಈ ಫೋನನ್ನು ಸೋಮವಾರ ಕರೊನರ್ ಕಚೇರಿಗೆ, ಎಂದರೆ ಅಸಹಜ ಸಾವುಗಳ ವಿಚಾರಣೆ ಮಾಡುವ ಕಚೇರಿಗೆ, ಒಪ್ಪಿಸಬೇಕಾಗಿತ್ತು. ಆದ್ದರಿಂದ ದೂರು ಇನ್‌ಸ್ಪೆಕ್ಟರ್ ಕಲ್ಯಾಣಿಯವರ ಮೇಜಿಗೆ ಬಂದಿತು. ಊರಿನಲ್ಲಾದರೆ ಎಫ್‌ಐಆರ್ ಎನ್ನುತ್ತಿದ್ದರು. ಇಲ್ಲಿ ಅದು ಕ್ರೈಮ್ ರಿಪೋರ್ಟ್. ಕಲ್ಯಾಣಿ ಧಾರವಾಡದ ಡಾಕ್ಟರ ಮಗಳು. ಹನ್ನೊಂದನೆಯ ವಯಸ್ಸಿಗೆ ಇಲ್ಲಿಗೆ ಬಂದವರು.

“ಫೋನ್ ಎಲ್ಲಿತ್ತು?”

“ಹಾಲ್‌ನಲ್ಲಿ, ಅವರ ಫೋಟೋ ಮುಂದೆ,” ಎಂದರು ಚಂದ್ರಿಕಾ. “ಹನ್ನೆರಡೂವರೆಗೆ ನೋಡಿದ್ದೆ. ಊಟ ಮುಗಿದು ಎರಡು ಗಂಟೆಗೆ ಇರಲಿಲ್ಲ.”

“ಮನೆಯಲ್ಲಿ ಎಷ್ಟು ಜನ?”

“ಪುರೋಹಿತರೂ ಸೇರಿ ಹದಿನೆಂಟು. ಎಲ್ಲ ನಮ್ಮವರೇ.”

“ಯಾರ ಮೇಲಾದರೂ ಅನುಮಾನ?”

“ನಿತೀಶ್ ಅಂಕಲ್,” ಎಂದಳು ತನ್ಮಯಿ. “ಹೂ ಎಲ್ಸ್?”

“ಸುಮ್ನಿರೇ,” ಎಂದರು ತಾಯಿ. ಆದರೆ ಅಲ್ಲ ಎನ್ನಲಿಲ್ಲ.

ಸಂಗತಿ ಹೀಗಿತ್ತು. ಹೇಸ್ ಸುತ್ತಿನ ಕನ್ನಡಿಗರದೊಂದು ನಡಿಗೆ ಬಳಗ. ವರ್ಷಕ್ಕೊಮ್ಮೆ ಅವರು ಫ್ರಾನ್ಸಿಗೆ ಹೋಗಿ ಹಳೆಯ ಹಳ್ಳಿಗಳ ನಡುವೆ, ಪಾಳುಬಿದ್ದ ಪ್ರಾರ್ಥನಾಮಂದಿರಗಳ ಪಕ್ಕದಲ್ಲಿ, ಓಕ್ ಕಾಡುಗಳೊಳಗೆ ವಾರವಿಡೀ ನಡೆಯುತ್ತಿದ್ದರು. ಈ ಸಲ ಹೋದದ್ದು ಬರ್ಗಂಡಿ ಸೀಮೆಯ ಮೋರ್ವಾನ್ ಕಾಡಿಗೆ. ಅಲ್ಲಿ ದಾರಿ ತೋರಿಸಲು ಮರಗಳಿಗೆ ಕೆಂಪು ಬಿಳಿ ಪಟ್ಟೆ ಬಳಿದಿರುತ್ತಾರೆ. ಒಂದು ಕಡೆ ಆ ಮರಗಳನ್ನೇ ಕಡಿದುಬಿಟ್ಟಿದ್ದರು. ಬಳಗದ ಮುಂದಾಳು ನಿತೀಶ, ನಲವತ್ನಾಲ್ಕು ವರ್ಷದ ಐಟಿ ಕೆಲಸಗಾರ. ಆತ ಕವಲು ಸಿಕ್ಕಲ್ಲೆಲ್ಲ ಸರಿದಾರಿಯ ಕಡೆ ಕುಂಕುಮದ ಬೊಟ್ಟಿಟ್ಟು ಮುಂದೆ ಹೋಗುತ್ತಿದ್ದ. ಹಿಂದಿನವರು ಕುಂಕುಮ ನೋಡಿಕೊಂಡು ಬರುತ್ತಿದ್ದರು. ಯಾರಿಗಾದರೂ ಸುಸ್ತಾದರೆ ಇರಲೆಂದು ಡಾಕ್ಟರ್ ಮುಕುಂದ ಎಲ್ಲರಿಗಿಂತ ಕೊನೆಯಲ್ಲಿ ನಡೆಯುತ್ತಿದ್ದರು. ಜುಲೈ 29ರ ಮಧ್ಯಾಹ್ನ ಅವರು ಎಡಕ್ಕೆ ಹೋಗಬೇಕಾದ ಕವಲಿನಲ್ಲಿ ಬಲಕ್ಕೆ ಹೋಗಿ, ಜರೀಗಿಡ ಮುಚ್ಚಿಕೊಂಡ ಹಳೆಯ ಕಲ್ಲುಗಣಿಗೆ ಬಿದ್ದು ತೀರಿಕೊಂಡರು.

ಮಾಸಿಕದ ಬೆಳಿಗ್ಗೆ ತನ್ಮಯಿಗೆ ಅಪ್ಪನ ಫೋನಿನ ಪಾಸ್‌ವರ್ಡ್ ಸಿಕ್ಕಿತ್ತು. ಅಮ್ಮನ ಹೆಸರೇ ಅದು. ಕೊನೆಯ ಚಿತ್ರದಲ್ಲಿ ಕುಂಕುಮ ಹಚ್ಚಿದ ಕಲ್ಲು, ಅದರ ಹಿಂದೆ ಬಲಗಡೆಯ ದಾರಿ. ಊಟದ ಹೊತ್ತಿಗೆ ಅವಳು ಎಲ್ಲರೆದುರು ಹೇಳಿದ್ದಳು: “ಸೋಮವಾರ ಇದನ್ನು ಕೊಡ್ತೀವಿ. ತಪ್ಪು ಗುರುತು ಇಟ್ಟವರು ಉತ್ತರ ಹೇಳಲಿ.”

ಆಗಸ್ಟ್ 29, ಬೆಳಿಗ್ಗೆ ಹತ್ತು ಗಂಟೆ. ಕಲ್ಯಾಣಿ ಕಾನ್‌ಸ್ಟೆಬಲ್ ಡೀನ್‌ನೊಡನೆ ನಿತೀಶನ ಫ್ಲ್ಯಾಟಿಗೆ ಹೋದರು. ಬಾಗಿಲಲ್ಲೇ ಡೀನ್ ಗೊಣಗಿದ: “ಮನೆಮನೆಗೂ ಬೂಟು ಬಿಚ್ಚಿಸುತ್ತೀರಿ, ಮೇಡಂ. ನನ್ನ ಕಾಲುಚೀಲದ ತೂತು ಇಡೀ ಹೇಸ್‌ಗೆ ಗೊತ್ತಾಯಿತು.”

ನಿತೀಶ ಗಡ್ಡ ಬೋಳಿಸಿ ವಾರವಾಗಿತ್ತು.

“ಫೋನ್ ತೆಗೆದುಕೊಂಡಿರಾ?”

“ಇಲ್ಲ ಮೇಡಂ. ಮನೆ ಹುಡುಕಿ.”

“ಕುಂಕುಮ ಎಲ್ಲಿಟ್ಟಿರಿ?”

“ಎಡಗಡೆ. ಮರದ ಬೇರಿನ ಮೇಲೆ, ಒಂದೇ ಬೊಟ್ಟು.” ಆತ ತನ್ನ ಬೆರಳನ್ನೇ ನೋಡಿಕೊಂಡ. “ಎಡಗಡೆನೇ ಇಟ್ಟೆನಾ? ತಿಂಗಳಿಂದ ಇದೇ ಯೋಚನೆ. ಮೊದಮೊದಲು ಗ್ಯಾರಂಟಿ ಇತ್ತು. ಎಲ್ಲರೂ ನನ್ನ ಮುಖ ನೋಡೋದು ನೋಡಿ, ಈಗ ನನಗೇ ನಂಬಿಕೆ ಇಲ್ಲ.”

ಮನೆಯಲ್ಲಿ ಫೋನು ಸಿಗಲಿಲ್ಲ. ಕಾರಿನಲ್ಲಿ ಕುಳಿತ ಮೇಲೆ ಡೀನ್ ಕೇಳಿದ: “ಆ ಹುಡುಗಿ ನಿನ್ನೆ ಫೋನನ್ನು ಮನೆಯ ವೈಫೈಗೆ ಹಾಕಿದ್ದಳೇ? ಹಾಗಿದ್ದರೆ ಚಿತ್ರಗಳು ತಾವಾಗಿಯೇ ಅವಳಪ್ಪನ ಇಂಟರ್ನೆಟ್ ಖಾತೆಗೆ ಸೇರಿರುತ್ತವೆ.”

ಸೇರಿದ್ದವು. ಮಧ್ಯಾಹ್ನ ಮೂರು ಗಂಟೆಗೆ ತನ್ಮಯಿಯ ಲ್ಯಾಪ್‌ಟಾಪಿನಲ್ಲಿ ಕೊನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ತೆಗೆದ ಸಮಯ 3:42. ಮೊಣಕಾಲೆತ್ತರದ ಪಾಚಿಗಟ್ಟಿದ ಹಳೆಯ ಕಲ್ಲು. ಅದರ ಮೇಲೆ ಒಂದಕ್ಕೊಂದು ಹೆಣೆದುಕೊಂಡ ಎರಡು ಬಳ್ಳಿಗಳ ಕೆತ್ತನೆ. ಅದಕ್ಕೆ ಅರಿಸಿನ, ಕುಂಕುಮ. ನೆತ್ತಿಯಿಂದ ಇಳಿದ ಐದು ಬಿಳಿಯ ಗೆರೆ. ಬುಡದಲ್ಲಿ ಹೋಟೆಲಿನವರು ಕಾಫಿಗೆ ಕೊಡುವ ಹಾಲಿನ ಪುಟ್ಟ ಡಬ್ಬಿಗಳು. ಚಿತ್ರದ ಎಡ ಅಂಚಿನಲ್ಲಿ ಒಂದು ಬೇರು, ಬೇರಿನ ಮೇಲೆ ಸಾಸಿವೆಯಷ್ಟು ಕೆಂಪು.

“ಯಾರೋ ಹಾಲು ಚೆಲ್ಲಿದ್ದಾರೆ,” ಎಂದ ಡೀನ್.

ಕಲ್ಯಾಣಿ ಚಿತ್ರದ ಮೇಲೆ ಬಾಗಿದರು. ಅವನು ಬಳ್ಳಿ ಕಂಡಲ್ಲಿ ಅವರಿಗೆ ಹೆಡೆ ಕಂಡಿತ್ತು. ಜುಲೈ 29 ನಾಗರ ಪಂಚಮಿ. ಉತ್ತರ ಕರ್ನಾಟಕದ ರೂಢಿಯಂತೆ ಧಾರವಾಡದ ಹಿತ್ತಿಲಲ್ಲಿ ತಾಯಿ ಕಲ್ಲುನಾಗಪ್ಪನಿಗೆ ಒಬ್ಬೊಬ್ಬರ ಹೆಸರು ಹೇಳಿ, ಪಾಲು ಪಾಲಾಗಿ ಹಾಲೆರೆಯುತ್ತಿದ್ದುದು ಅವರಿಗೆ ನೆನಪಿತ್ತು. ಅವರು ನಿತೀಶನಿಗೆ ಫೋನು ಮಾಡಿದರು.

“ನಿಮ್ಮ ಗುಂಪಿನಲ್ಲಿ ಉತ್ತರ ಕರ್ನಾಟಕದವರು ಯಾರು?”

“ಬಸಲಿಂಗವ್ವ ಆಂಟಿ ಒಬ್ಬರೇ. ಗದಗ ಕಡೆಯವರು. ರಿಟೈರ್ಡ್ ನರ್ಸ್, ಸೌತ್‌ಹಾಲ್‌ನಲ್ಲಿದ್ದಾರೆ.”

“ಆ ಕವಲಿನ ಹತ್ತಿರ ಎಲ್ಲಿದ್ದರು?”

“ಮುಕುಂದ ಸರ್‌ಗಿಂತ ಸ್ವಲ್ಪ ಮುಂದೆ. ಹತ್ತು ನಿಮಿಷ ತಡವಾಗಿ ಬಂದು ನಮ್ಮನ್ನ ಸೇರಿಕೊಂಡ್ರು.”

“ನಿನ್ನೆ ಮಾಸಿಕಕ್ಕೆ?”

“ಬಂದಿದ್ರಲ್ಲ. ಎಲ್ಲರಿಗೂ ನೀರು ಕೊಟ್ಟಿದ್ದೇ ಅವರು. ಯಾಕೆ ಮೇಡಂ?”

ಆಗಸ್ಟ್ 30, ಶನಿವಾರ, ಒಂಬತ್ತೂಕಾಲು. ಬಸಲಿಂಗವ್ವ ತಾವೇ ಬಾಗಿಲು ತೆರೆದರು. ಅರವತ್ತೇಳು ವರ್ಷ, ಬೆನ್ನು ಇನ್ನೂ ನೆಟ್ಟಗಿತ್ತು.

“ಬರ್ರಿ, ಒಳಗ ಬರ್ರಿ. ನೀವು ನಮ್ಮ ಕಡೇವ್ರಂತ. ಚಾ ಮಾಡ್ಲ್ಯಾ?”

“ಚಾ ಬ್ಯಾಡ್ರಿ,” ಎಂದರು ಕಲ್ಯಾಣಿ. ಬಹಳ ವರ್ಷದ ಮೇಲೆ ಆ ಮಾತು ತಾನಾಗಿ ಬಾಯಿಗೆ ಬಂದಿತ್ತು. ಹಾಗೆ ಬಂದದ್ದಕ್ಕೆ ಅವರಿಗೆ ಹಿತವಾಗಲಿಲ್ಲ. ಏನನ್ನೂ ಹೇಳಬೇಕೆಂಬ ಬಲವಂತವಿಲ್ಲ, ಹೇಳಿದ್ದು ಸಾಕ್ಷ್ಯವಾಗಬಹುದು ಎಂದು ಕಾನೂನಿನಂತೆ ಎಚ್ಚರಿಸಿದರು. ಆಮೇಲೆ ಚಿತ್ರವನ್ನು ಮೇಜಿನ ಮೇಲಿಟ್ಟರು.

ಬಸಲಿಂಗವ್ವ ಅದನ್ನು ನೋಡಿ, ಎದ್ದು ಒಳಗೆ ನಡೆದರು. ಡೀನ್ ಹಿಂದೆಯೇ ಹೋದ. ಅವರು ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ ಫೋನನ್ನು ತಂದು ಚಿತ್ರದ ಪಕ್ಕದಲ್ಲಿಟ್ಟರು.

“ಒಗೀಬೇಕಂದ್ರ ಕೈ ಬರಲಿಲ್ರಿ. ಅದರಾಗ ಅವರ ದನಿ ಇರ್ತದ.”

“ಇದು ನೀವು ಪೂಜೆ ಮಾಡಿದ ಕಲ್ಲೇ?”

“ಹೌದ್ರಿ. ಪಂಚಮಿ ದಿನ, ಪರದೇಶದ ಅಡವ್ಯಾಗ, ನಾಗಪ್ಪ ತಾನ ಬಂದು ಕುಂತಾನ ಅನಿಸ್ತು. ಬೆಳಿಗ್ಗೆ ಹೋಟೆಲ್ನ್ಯಾಗಿಂದ ಹಾಲಿನ ಡಬ್ಬಿ ತಂದಿದ್ದೆ. ಎರೆದು, ಕೈಮುಗದು, ಎಡಕ್ಕ ಹೋದೆ. ನನ್ನ ಕುಂಕುಮ ದಾರೀ ಗುರುತು ಆಗ್ತದಂತ ತಲ್ಯಾಗ ಬರಲೇ ಇಲ್ಲ.”

“ಐದು ಪಾಲು ಎರೆದಿದ್ದೀರಿ. ಯಾರ್ಯಾರದು?”

“ದೇವರದು, ಗುರುವಿಂದು, ಅಪ್ಪಂದು, ಅವ್ವಂದು.” ಅವರು ಸೆರಗಿನ ತುದಿ ಹಿಡಿದುಕೊಂಡರು. “ಐದನೇದು ತಮ್ಮಂದು. ನನಗ ಒಡಹುಟ್ಟಿದವ್ರು ಇಲ್ರಿ. ಮುಕುಂದ ಡಾಕ್ಟರ ವಾರ್ಡಿನ್ಯಾಗ ಇಪ್ಪತ್ತೆರಡು ವರ್ಷ ದುಡಿದೀನಿ. ಪ್ರತಿ ಪಂಚಮಿಗೆ ಮುಕುಂದಪ್ಪನ ಹೆಸರಿಲೇ ಎರೀತಿದ್ದೆ.”

ಡೀನ್‌ಗೆ ಭಾಷೆ ತಿಳಿಯದು; ಅವನು ಫೋನಿನ ವಿವರವನ್ನಷ್ಟೇ ಬರೆದುಕೊಳ್ಳುತ್ತಿದ್ದ. ಆದರೂ ಅವನು ಬರೆಯುವುದನ್ನು ನಿಲ್ಲಿಸಿದ.

“ಯಾವಾಗ ಗೊತ್ತಾಯಿತು ನಿಮಗೆ?”

“ಬಲಕ್ಕ ಹೋಗಿ ಬಿದ್ದಾರ ಅಂದಾಗನ.”

“ಅವತ್ತೇ ಯಾಕೆ ಹೇಳಲಿಲ್ಲ?”

“ಚಂದ್ರಿಕಾ ನನಗ ಅಕ್ಕಾ ಅಂತಾಳ್ರಿ. ಹೇಳಿದ್ರ ಇನ್ನ ಹೆಂಗ ಅಂದಾಳು? ನಾಳೆ ಹೇಳೂಣು, ನಾಳೆ ಹೇಳೂಣು ಅಂತ ತಿಂಗಳಾತು.”

“ನಿತೀಶನ ಮುಖ ನೋಡಿದ್ದೀರಾ?”

ಬಸಲಿಂಗವ್ವ ಸೆರಗು ಬಿಟ್ಟು ಕಲ್ಯಾಣಿಯವರನ್ನು ನೇರವಾಗಿ ನೋಡಿದರು. “ದಿನಾ ನೋಡೀನಿ. ಹಾಲೆರೆದದ್ದು ನನ್ನ ಪಾಪ ಅಲ್ರಿ. ಆ ಹುಡುಗ ಕರಗೋದು ನೋಡಿಕೋತ ಸುಮ್ನ ಕುಂತದ್ದು ನನ್ನ ಪಾಪ. ಅದನ್ನ ಬರಕೋರ್ರಿ.”

ಹತ್ತು ಗಂಟೆ ಐದು ನಿಮಿಷಕ್ಕೆ, ಕಳ್ಳತನ ಮತ್ತು ನ್ಯಾಯವಿಚಾರಣೆಗೆ ಅಡ್ಡಿ ಮಾಡಿದ ಆರೋಪದ ಮೇಲೆ ಅವರನ್ನು ದಸ್ತಗಿರಿ ಮಾಡಲಾಯಿತು. ಕೈಕೋಳ ಹಾಕಲಿಲ್ಲ. ಫೋನನ್ನು ಚೀಲದಲ್ಲಿ ಹಾಕಿ ಮುದ್ರೆಯೊತ್ತಿದರು.

ಠಾಣೆಯಿಂದ ಕಲ್ಯಾಣಿ ಮೊದಲು ಮಾತಾಡಿದ್ದು ನಿತೀಶನೊಡನೆ. “ನಿಮ್ಮ ಬೊಟ್ಟು ಎಡಗಡೆಯೇ ಇದೆ. ಮುಕುಂದರ ಚಿತ್ರದಲ್ಲೇ ಕಾಣುತ್ತದೆ.” “ಎಡಗಡೆನೇ,” ಎಂದು ಆ ಕಡೆ ನಿತೀಶ ತನಗೇ ಹೇಳಿಕೊಂಡ. ಅವನಾಗಿ ಫೋನು ಇಡುವವರೆಗೆ ಅವರೂ ಇಡಲಿಲ್ಲ.

ವರದಿ ಸೋಮವಾರ ಕರೊನರ್ ಕಚೇರಿಗೆ ಹೋಯಿತು. ಕಲ್ಲಿಗೆ ಹಾಲೆರೆದದ್ದಕ್ಕೆ ಯಾವ ದೇಶದ ಕಾನೂನಿನಲ್ಲೂ ಶಿಕ್ಷೆಯಿಲ್ಲ; ಬಸಲಿಂಗವ್ವ ಹೆದರಿದ್ದು ಶಿಕ್ಷೆಗಲ್ಲ. ಕೈಯಾರೆ ಕಟ್ಟಿಕೊಂಡ ಒಂದು ತವರನ್ನು ಕಳೆದುಕೊಳ್ಳುವ ಭಯಕ್ಕೆ ಅವರು ಇನ್ನೊಬ್ಬನ ನೆಮ್ಮದಿಯನ್ನು ಬಲಿಕೊಟ್ಟಿದ್ದರು.

ತಮ್ಮ ಹೇಳಿಕೆಗೆ ಸಹಿ ಹಾಕಲು ಬಂದ ಚಂದ್ರಿಕಾ, ಕಲ್ಯಾಣಿಯವರಿಂದ ನಡೆದದ್ದೆಲ್ಲ ಕೇಳಿ, ಅದನ್ನು ಎರಡು ಸಲ ಓದಿದರು.

“ಅಕ್ಕ ಅವತ್ತೇ ಹೇಳಿದ್ದಿದ್ರೆ, ಇಬ್ಬರೂ ಒಟ್ಟಿಗೆ ಕೂತು ಅಳ್ತಿದ್ವು,” ಎಂದರು. ಸಹಿ ಹಾಕಿ, ಪೆನ್ನನ್ನು ಕಲ್ಯಾಣಿಯವರಿಗೆ ಹಿಂದಿರುಗಿಸಿದರು.